ಹನ್ನೆರಡನೆಯ ಅಜ್ಜಿ

ನಿಯಮ ಇಷ್ಟೇ: ರಜೆ ಚೀಟಿಗೆ ವಾರ್ಡನ್ ಸಹಿ ಬಿದ್ದ ಮೇಲೆಯೇ ಊರಿಗೆ ಟಿಕೆಟ್ ಕೊಳ್ಳತಕ್ಕದ್ದು. ಟಿಕೆಟ್ ಕೊಂಡು ಆಮೇಲೆ ರಜೆ ಕೇಳತಕ್ಕದ್ದಲ್ಲ.

ಯಲಹಂಕದಾಚೆ ಇರುವ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಹಾಸ್ಟೆಲಿಗೆ ಈ ನಿಯಮ ಬರೆದವನು ನಾನು. ಟೈಪ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಮೆಸ್ಸಿನ ಬಾಗಿಲಿಗೆ ಅಂಟಿಸಿದವನೂ ನಾನೇ. ಏಳು ವರ್ಷದಿಂದ ವಾರ್ಡನ್ ಆಗಿದ್ದೇನೆ. ಅದನ್ನು ಮುರಿದವರ ಪ್ರಸಂಗಗಳು ಪ್ರತಿ ದೀಪಾವಳಿಗೂ ಪಟಾಕಿಗಿಂತ ಮುಂಚೆ ಶುರುವಾಗುತ್ತವೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರೀ ದಿಗಿಲು.

ಹುಡುಗರ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ರಜೆ ಚೀಟಿ ತೆಗೆದುಕೊಳ್ಳುವುದು ಹಬ್ಬಕ್ಕೆ ಹತ್ತು ದಿನ ಮುಂಚೆ. ಕಡಿಮೆ ದರದ ವಿಮಾನದ ಟಿಕೆಟ್ ಸಿಗುವುದು ನಲವತ್ತು ದಿನ ಮುಂಚೆ. ಕೊನೆಯ ಪಾಠ ಶುಕ್ರವಾರ. ಅಗ್ಗದ ಟಿಕೆಟ್ ಗುರುವಾರ. ಶುಕ್ರವಾರದ ದರ ಕೇಳಿದರೆ ಸೀಟಲ್ಲ, ವಿಮಾನವನ್ನೇ ಮಾರುತ್ತಿದ್ದಾರೇನೋ ಅನ್ನಿಸುತ್ತದೆ. ಇದೆಲ್ಲ ನನಗೂ ಗೊತ್ತು. ಆದರೂ ನಿಯಮ ನಿಯಮವೇ.

ಎಷ್ಟರಮಟ್ಟಿಗೆ ಅಂದರೆ, ನನ್ನ ಮಗಳೂ ಅಹಮದಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮೊದಲ ಎರಡು ದೀಪಾವಳಿಗೂ ಅವಳು ಮನೆಗೆ ಬರಲಿಲ್ಲ. "ಮೊದಲು ರಜೆ ಮಂಜೂರಾಗಲಿ, ಆಮೇಲೆ ಟಿಕೆಟ್" ಅಂದವನು ನಾನು. ಮಂಜೂರಾಗುವ ಹೊತ್ತಿಗೆ ದರ ಮೂರು ಪಟ್ಟಾಗಿತ್ತು. ಜಾಲಹಳ್ಳಿಯ ನಮ್ಮ ಮನೆಯಲ್ಲಿ ಹೆಂಡತಿ ಎರಡು ವರ್ಷವೂ ಹಬ್ಬದ ಎಲೆಯ ಮುಂದೆ ನನ್ನ ಮುಖ ನೋಡಲಿಲ್ಲ. ದಿನಾ ಬೆಳಿಗ್ಗೆ ಗಣೇಶನ ಪಟದ ಮುಂದೆ ಕಿವಿ ಹಿಡಿದು ಹನ್ನೊಂದು ಬಸ್ಕಿ ಹೊಡೆಯುವ ನನ್ನ ಎಪ್ಪತ್ತೆಂಟು ವರ್ಷದ ಅಮ್ಮ, "ನಿನ್ನ ಬೋರ್ಡನ್ನೇ ಕೂರಿಸಿ ಎಣ್ಣೆ ಒತ್ಲಾ?" ಅಂದಳು. ಮೂರನೆಯ ವರ್ಷವೂ ಮಗು ಬರದಿದ್ದರೆ ಹಬ್ಬವೇ ಬೇಡ ಅಂತ ಅವರಿಬ್ಬರೂ ಸೇರಿ ತೀರ್ಮಾನ ಮಾಡಿದ್ದರು.

ಈಗ ಹೇಳುವುದೆಲ್ಲ ಆ ಮೂರನೆಯ ವರ್ಷದ್ದು.

ವಿಮಾನ ಕಾಣದ ಫೋನು

ಹುಡುಗರಲ್ಲಿ ಒಂದು ನಂಬಿಕೆ ಇದೆ. ಒಂದೇ ಫೋನಿನಲ್ಲಿ ಒಂದೇ ಊರಿನ ಟಿಕೆಟ್ಟನ್ನು ಮತ್ತೆ ಮತ್ತೆ ಹುಡುಕಿದರೆ, ಇವನು ಹೋಗಲೇಬೇಕಾದವನು ಅಂತ ಕಂಪ್ಯೂಟರಿಗೆ ತಿಳಿದುಹೋಗಿ ದರ ಏರಿಸುತ್ತದಂತೆ. ಅದಕ್ಕೆ ಎಂದೂ ವಿಮಾನದ ಹೆಸರೆತ್ತದ ಫೋನು ಬೇಕು. ಹೀಗೆ ನಂಬುವವರು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು. ಪಾಠ ಮಾಡುವವನು ನಾನು. ಹೇಳಿಕೊಳ್ಳುವುದು ಯಾರ ಹತ್ತಿರ?

ಒಂದು ಬೆಳಿಗ್ಗೆ ಮೆಸ್ಸಿನ ಅಡುಗೆ ಭಟ್ಟರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಫೋನು. ಮುಖ ಬಿಳಿಚಿಕೊಂಡಿತ್ತು.

"ಸಾರ್, ನನ್ ಫೋನಿಗೆ ಏನೋ ಆಗ್ಬಿಟ್ಟಿದೆ. ಗುವಾಹಟಿಗೆ ಹೋಗು, ಗುವಾಹಟಿಗೆ ಹೋಗು ಅಂತ ನಿನ್ನೆಯಿಂದ ಪ್ರಾಣ ತಿಂತಿದೆ."

"ಯಾರಿಗಾದರೂ ಕೊಟ್ಟಿದ್ರಾ?"

"ಹುಡುಗ್ರು ಸಾರ್. ಅಮ್ಮಂಗೆ ಒಂದ್ ಕಾಲ್ ಮಾಡ್ಬೇಕು ಅಂದ. ಪಾಪ ಅಂತ ಕೊಟ್ಟೆ. ಆಮೇಲೆ ಇನ್ನೊಬ್ಬ ಬಂದ. ಒಟ್ಟು ಒಂಬತ್ತು ಜನ ಅಮ್ಮಂದ್ರ ಹತ್ರ ಮಾತಾಡಿದ್ರು. ಒಬ್ಬನೂ ಬಾಯಿ ಬಿಡ್ಲಿಲ್ಲ, ಬರೀ ಬೆರಳಲ್ಲೇ ಮಾತು."

ವಿಚಾರಿಸುತ್ತ ಹೋದೆ. ವಾಚ್‌ಮನ್ ಫೋನು ಇಂಫಾಲ ತೋರಿಸುತ್ತಿತ್ತು. ಲೈಬ್ರರಿಯ ಮೇಡಂ ಅವರದು ರಾಂಚಿ. ಬಟ್ಟೆ ಇಸ್ತ್ರಿ ಮಾಡುವವರ ಹಳೇ ಫೋನೂ ಪಾಟ್ನಾದ ಹೋಟೆಲುಗಳನ್ನು ತೋರಿಸುತ್ತಿತ್ತು. ವಾಪಸ್ ಬಂದು ಭಟ್ಟರನ್ನು ಕೂರಿಸಿಕೊಂಡು, ಫೋನು ಅಂದರೆ ಖಾಸಗಿ ವಸ್ತು, ಕಂಡವರ ಕೈಗೆ ಕೊಡಬಾರದು ಅಂತ ಹತ್ತು ನಿಮಿಷ ತಿಳಿಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಹತ್ತಿರ ಬಗ್ಗಿದರು.

"ಅದಿರ್ಲಿ ಸಾರ್. ಈ ದರಕ್ಕೆ ಗುವಾಹಟಿ ಅಂದ್ರೆ ಕಮ್ಮಿನೇ ಅಂತೆ, ಹುಡುಗ್ರು ಹೇಳಿದ್ರು. ಅಲ್ಲಿ ನೋಡೋಕೆ ಏನೇನಿದೆ?"

ಗುರುವಾರದ ಕಾಯಿಲೆ

ಹಬ್ಬಕ್ಕೆ ಹತ್ತು ದಿನ ಇರುವಾಗ ರಜೆ ಚೀಟಿಗಳು ಬಂದವು. ಗುರುವಾರವೇ ಹೊರಡಬೇಕು ಅಂದವರು ಹನ್ನೊಂದು ಜನ. ಹನ್ನೊಂದು ಚೀಟಿಯಲ್ಲೂ ಕಾರಣ ಒಂದೇ: ಅಜ್ಜಿಗೆ ಹುಷಾರಿಲ್ಲ.

ಪಾಟ್ನಾದ ಹುಡುಗನೊಬ್ಬನನ್ನು ಕರೆಸಿದೆ. ಮೂರು ವರ್ಷದಲ್ಲಿ ಕನ್ನಡ ಚೆನ್ನಾಗಿ ಕಲಿತಿದ್ದಾನೆ. ಇಡೀ ಹಾಸ್ಟೆಲಿಗೆ ಅಗ್ಗದ ಟಿಕೆಟ್ ಹುಡುಕಿಕೊಡುವ ಪಂಡಿತ ಅವನೇ ಅಂತ ಆಗ ನನಗೆ ಗೊತ್ತಿರಲಿಲ್ಲ.

"ಏನಪ್ಪಾ, ಗುರುವಾರಕ್ಕೆ ಇನ್ನೂ ಒಂದು ವಾರ ಇದೆ. ಅವತ್ತೇ ನಿಮ್ಮಜ್ಜಿ ಆರೋಗ್ಯ ಕೆಡುತ್ತೆ ಅಂತ ಇವತ್ತೇ ಹೇಗೆ ಗೊತ್ತಾಯ್ತು?"

ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮಜ್ಜಿದು ಮೊದ್ಲಿಂದಾನೂ ಟೈಮ್ ಅಂದ್ರೆ ಟೈಮ್ ಸರ್."

ಅಂದೇ ಇನ್ನೊಂದು ನಿಯಮ ಸೇರಿಸಿದೆ: ಅಜ್ಜಿ ತಾತಂದಿರ ಕಾಯಿಲೆಯ ಕಾರಣ ಕೊಟ್ಟರೆ, ಆ ಅಜ್ಜಿ ಅಥವಾ ತಾತ ವಿಡಿಯೋ ಕಾಲಿನಲ್ಲಿ ವಾರ್ಡನ್‌ಗೆ ಮುಖ ತೋರಿಸತಕ್ಕದ್ದು. ಒಳ್ಳೆಯ ನಿಯಮ ನಮ್ಮಲ್ಲೇ ಉಳಿಯಬಾರದೆಂದು ದೇಶದ ನಾನಾ ಕಡೆಯ ವಾರ್ಡನ್‌ಗಳಿರುವ ವಾಟ್ಸಾಪ್ ಗುಂಪಿಗೂ ನನ್ನ ಹೆಸರು ಸಮೇತ ಕಳಿಸಿದೆ. ಗುಂಪಿನ ತುಂಬ ಹೆಬ್ಬೆರಳುಗಳೇ.

ಮೊದಲ ಕರೆ ಕಲಬುರಗಿಗೆ. ಮೊಮ್ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಅಜ್ಜಿಯ ಮುಖ ಪರದೆಯ ಮೇಲೆ ಬಂತು. ಹಿಂದಿನಿಂದ ತಪ್ ತಪ್ ತಪ್ ಅಂತ ಏನೋ ಬಡಿಯುವ ಸದ್ದು.

"ನಮಸ್ಕಾರ್ರೀ ಸರ," ಅಂದರು ಅಜ್ಜಿ. ಮೊಮ್ಮಗ ನನ್ನ ಬೆನ್ನ ಹಿಂದಿನಿಂದ ಏನು ಸನ್ನೆ ಮಾಡಿದನೋ, ಎರಡು ಸಲ ಕೆಮ್ಮಿದರು. "ಆರಾಮಿಲ್ರೀ ನನಗ. ಭಾಳ ತ್ರಾಸ ಐತಿ. ಹಾಸಿಗಿ ಬಿಟ್ಟು ಏಳಾಕ ಆಗವಲ್ದು."

"ಅಮ್ಮಾ, ನೀವೀಗ ಕೂತಿದ್ದೀರಲ್ಲ? ಅದೇನು ಸದ್ದು?"

ಸದ್ದು ನಿಂತಿತು. ಅಜ್ಜಿ ಮೊಮ್ಮಗನನ್ನು ಹುಡುಕುವವರಂತೆ ಪರದೆಯ ಆ ಮೂಲೆ ಈ ಮೂಲೆ ನೋಡಿದರು. ಆಮೇಲೆ ನನ್ನನ್ನೇ ಬೇಡಿಕೊಂಡರು.

"ಒಂದ್ ನಿಮಿಷ ತಡೀರಿ ಸರ. ಹಂಚಿನ ಮ್ಯಾಲ ರೊಟ್ಟಿ ಐತಿ. ಇದೊಂದು ತಗದು ಮಕ್ಕೋತೀನಿ."

ತಣಿಸಂದ್ರಕ್ಕೆ ವಿಮಾನ

ಹನ್ನೊಂದು ಚೀಟಿಗಳ ಮೇಲೂ ಕೆಂಪು ಶಾಯಿಯಲ್ಲಿ "ತಿರಸ್ಕರಿಸಿದೆ" ಅಂತ ಬರೆದು ಮುಗಿಸಿದ್ದೆ. ಹನ್ನೆರಡನೆಯ ಚೀಟಿ ಬಂತು. ಇದರಲ್ಲಿ ಅಜ್ಜಿ ಇರಲಿಲ್ಲ. "ಊರಿಗೆ ವಿಮಾನ ಪ್ರಯಾಣ, ಗುರುವಾರ" ಅಂತಿತ್ತು. ಊರು ಯಾವುದು ಅಂತ ನೋಡಿದರೆ, ತಣಿಸಂದ್ರ.

ಈ ಹುಡುಗನ ಮನೆ ನಮ್ಮ ಹಾಸ್ಟೆಲಿನಿಂದ ಬೈಕಿನಲ್ಲಿ ಅರ್ಧ ಗಂಟೆ. ಮನೆಯಲ್ಲಿದ್ದರೆ ಓದುವುದಿಲ್ಲ ಅಂತ ತಂದೆ ಹಾಸ್ಟೆಲಿಗೆ ಹಾಕಿದ್ದರು. ಕರೆಸಿ ಕೇಳಿದೆ.

"ತಣಿಸಂದ್ರಕ್ಕೆ ವಿಮಾನ ಎಲ್ಲಿಂದ ಹೋಗುತ್ತಪ್ಪಾ?"

"ಚೆನ್ನೈ ಮೇಲೆ ಹೋಗ್ತೀನಿ ಸರ್. ಬೆಳಿಗ್ಗೆ ಇಲ್ಲಿಂದ ಚೆನ್ನೈ, ಸಂಜೆ ಚೆನ್ನೈಯಿಂದ ವಾಪಸ್. ಏರ್‌ಪೋರ್ಟಿಂದ ಮನೆಗೆ ಕ್ಯಾಬ್."

"ಯಾಕೆ?"

"ಏನ್ ಸರ್, ರೂಮಲ್ಲಿ ಎಲ್ರೂ ಮನೆಗೆ ಫ್ಲೈಟಲ್ಲಿ ಹೋಗ್ತಾರೆ. ನಾನೊಬ್ಬ ಬೈಕಲ್ಲಿ ಹೋಗ್ಬೇಕಾ?"

ತಂದೆಯನ್ನು ಬರಹೇಳಿದೆ. ಹಳೇ ಒಕ್ಕಲು ಮನೆತನದವರು. ಹೊಲವಿದ್ದ ಕಡೆ ಈಗ ಅವರದೇ ಎರಡು ಅಪಾರ್ಟ್‌ಮೆಂಟು ಎದ್ದಿವೆ. ಮಗನ ಮೇಲೆ ರೇಗುತ್ತಾರೆ ಅಂತ ಕಾದರೆ, ಅವರು ಕುರ್ಚಿ ಎಳೆದು ಕೂತು ನಕ್ಕರು.

"ನಾನೇ ಸಾ ಟಿಕೆಟ್ ತಗ್ಸಿದ್ದು. ಕಮ್ಮಿಗ್ ಸಿಕ್ತಾದೆ ಅಂತ ಆ ಪಾಟ್ನಾ ಉಡ್ಗ ತೆಗ್ದುಕೊಟ್ಟ. ನಮ್ ಮನೆ ಮ್ಯಾಲೇ ದಿನಾ ಓಯ್ತವೆ ಪ್ಲೇನುಗಳು. ಇಷ್ಟ್ ವರ್ಸ ಕೆಳಗ್ ನಿಂತು ಬರೀ ಚಕ್ರ ನೋಡಿದ್ದಾಯ್ತು. ಒಳೀಕೆ ಎಂಗಿರ್ತದೆ ಅಂತ ನೋಡಾದ್ ಬ್ಯಾಡ್ವಾ?"

"ರಜೆ ಮಂಜೂರಾಗುವ ಮುಂಚೆ ಟಿಕೆಟ್ ತೆಗೆಯುವ ಹಾಗಿಲ್ಲ," ಅಂದೆ ಗಟ್ಟಿಯಾಗಿ.

ಅವರು ಗಂಭೀರವಾದರು. "ಇಂಗಾ ಇಸ್ಯ? ಆಯ್ತು ಬುಡಿ, ಕಾನೂನು ಕಾನೂನೇ. ಎಲ್ಡ್ ಚೀಟಿ ಬರ್ಕೊಡಿ ಸಾ, ಜೊತ್ಗೆ ನಾನೂ ಓಯ್ತಾ ಇವ್ನಿ."

ಈರುಳ್ಳಿ ತಕ್ಕಡಿ

ಚೀಟಿ ತಿರಸ್ಕರಿಸಿದರೂ ಹುಡುಗರ ತಯಾರಿ ನಿಲ್ಲಲಿಲ್ಲ. ಅತಿ ಅಗ್ಗದ ಟಿಕೆಟ್ಟಿನಲ್ಲಿ ಕೈಚೀಲ ಮಾತ್ರ. ಏಳು ಕೆಜಿ ದಾಟಿದರೆ ದಂಡ. ಇದರ ಪರಿಣಾಮ ನಮ್ಮ ಮೆಸ್ಸಿನ ಮೇಲಾಯಿತು. ಈರುಳ್ಳಿ ತೂಗುವ ತಕ್ಕಡಿ ಮಾಯವಾಯಿತು. ಹುಡುಕಿಕೊಂಡು ಮಹಡಿ ಹತ್ತಿದರೆ, ಕಾರಿಡಾರಿನಲ್ಲಿ ರೇಷನ್ ಅಂಗಡಿಯಂತೆ ಸಾಲು. ತಕ್ಕಡಿಯ ಮುಂದಿದ್ದವನು ನಾಲ್ಕು ಅಂಗಿ, ಎರಡು ಜೀನ್ಸ್, ಅದರ ಮೇಲೊಂದು ರೇನ್‌ಕೋಟ್ ತೊಟ್ಟಿದ್ದ. ತೋಳು ಮಡಿಸಲು ಆಗದೆ ಎರಡೂ ಕೈ ಚಾಚಿಕೊಂಡು ನಿಂತಿದ್ದ. ರೇನ್‌ಕೋಟಿನ ಜೇಬುಗಳಲ್ಲಿ ಲ್ಯಾಬ್ ರೆಕಾರ್ಡು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಲಿನ ಮೂರನೆಯ ವ್ಯಕ್ತಿಯ ಮೇಲೆ ಕಣ್ಣು ಬಿತ್ತು. ನಮ್ಮ ಗಣಿತದ ಮೇಷ್ಟ್ರು. ಹನ್ನೆರಡು ವರ್ಷದಿಂದ ನನ್ನ ಪಕ್ಕದ ಮೇಜಿನಲ್ಲಿ ಕೂರುವವರು.

"ನೀವೇನ್ರೀ ಇಲ್ಲಿ?"

"ಹುಡುಗ್ರು ಸಾಲಾಗಿ ನಿಂತಿದಾರಾ ಅಂತ ನೋಡ್ಕೊಳ್ತಾ ಇದೀನಿ ಸರ್. ಶಿಸ್ತು ಬೇಕಲ್ಲ."

"ಕೈಯಲ್ಲಿರೋ ಬ್ಯಾಗು?"

ಅವರು ಬ್ಯಾಗು ನೋಡಿದರು. ನನ್ನ ನೋಡಿದರು. ಕೊನೆಗೆ ಸತ್ಯವನ್ನೇ ಹೇಳಿದರು.

"ಏಳೂವರೆ ಬರ್ತಿದೆ ಸರ್. ಇನ್ನು ಚಪ್ಪಲಿ ತೆಗೆದ್ರೆ ಸರಿಹೋಗುತ್ತೆ."

ಪ್ರಿನ್ಸಿಪಾಲರ ಕೋಣೆ

ಇನ್ನು ಸುಮ್ಮನಿರಬಾರದು ಅನ್ನಿಸಿತು. ಎಲ್ಲರ ಹೆಸರು, ಟಿಕೆಟ್ ದರ ಪಟ್ಟಿ ಮಾಡಿ, ಮೂಲಪುರುಷ ಪಾಟ್ನಾ ಹುಡುಗ ಅಂತ ಅಡಿಗೆರೆ ಎಳೆದು, ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಅವರು ಓದಿದರು. ಹುಬ್ಬು ಮೇಲೆ ಹೋಯಿತು.

"ಗುರುವಾರಕ್ಕೆ ಈ ದರಕ್ಕೆ ಸಿಕ್ತೇನ್ರೀ?"

"ಸರ್, ಪ್ರಶ್ನೆ ದರದ್ದಲ್ಲ. ನಿಯಮದ್ದು."

"ಅದು ಸರಿ ಅದು ಸರಿ. ಆ ಹುಡುಗನ್ನ ಕಳಿಸಿ. ನೀವು ಹೊರಗಿರಿ, ನಾನೇ ವಿಚಾರಿಸ್ತೀನಿ."

ಹುಡುಗ ಒಳಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಸಸ್ಪೆಂಡ್ ಮಾಡಿಬಿಟ್ಟರೇ, ಅದು ಸ್ವಲ್ಪ ಹೆಚ್ಚಾಯಿತು ಅಂತ ನನಗೇ ಮರುಕ ಹುಟ್ಟಿತು. ಅಷ್ಟರಲ್ಲಿ ಅಟೆಂಡರ್ ಎರಡು ಕಾಫಿ ತೆಗೆದುಕೊಂಡು ಒಳಗೆ ಹೋದ. ಎರಡು!

ಅರ್ಧ ಗಂಟೆಯ ಮೇಲೆ ಹುಡುಗ ಬಾಯಿ ಒರೆಸಿಕೊಳ್ಳುತ್ತ ಬಂದು, ನಮಸ್ಕಾರ ಹಾಕಿ ಹೋದ. ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಳ್ಳೇ ಹುಡುಗ ಕಣ್ರೀ. ಚೆನ್ನಾಗಿ ಬುದ್ಧಿ ಹೇಳಿದೀನಿ. ಅಂದಹಾಗೆ, ಗುರುವಾರ ನಾನಿರಲ್ಲ. ಮನೆಯವ್ರು ಕಾಶಿ ಕಾಶಿ ಅಂತಿದ್ರು. ಟಿಕೆಟ್ ಈಗಷ್ಟೇ ಆಯ್ತು. ರಜೆ ಆಮೇಲೆ ಹಾಕ್ತೀನಿ."

ಜಾಲಹಳ್ಳಿ, ನಮ್ಮದೇ ಮನೆ

ಅಂದು ಸಂಜೆ ಮನೆಗೆ ಬಂದು, ಈ ದೇಶದಲ್ಲಿ ನಿಯಮಕ್ಕೆ ನಿಂತವನು ನಾನೊಬ್ಬನೇ ಅಂತ ಹೆಂಡತಿಗೆ ಹೇಳುತ್ತಿದ್ದೆ. ಅವಳು ಕೋಡುಬಳೆ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ರೀ, ಮಗೂಗೆ ಟಿಕೆಟ್ ಆಗಿದೆ. ಗುರುವಾರ ಸಂಜೆ. ಅಹಮದಾಬಾದಿಂದ ನೇರ ಇಲ್ಲಿಗೆ."

"ರಜೆ ಮಂಜೂರಾಯ್ತಾ?"

"ಇಲ್ಲ."

"ಯಾವಾಗ ಮಾಡಿದೆ?"

"ಹಬ್ಬಕ್ಕೆ ನಲವತ್ ದಿನ ಇದ್ದಾಗ್ಲೇ. ನಿಮ್ಮ ಪಾಟ್ನಾ ಹುಡುಗ ರೆಕಾರ್ಡಿಗೆ ಸಹಿ ಹಾಕಿಸ್ಕೊಳ್ಳೋಕೆ ಬಂದಿದ್ನಲ್ಲ, ನೀವು ಸ್ನಾನಕ್ಕೆ ಹೋಗಿದ್ರಿ. ಪಾಪ, ಅಡುಗೆಮನೇಲಿ ನಿಂತ್ಕೊಂಡು ಮಾಡ್ಕೊಟ್ಟ. ನಿಮ್ ಫೋನಲ್ಲೇ."

"ನನ್ನ ಫೋನೇ ಯಾಕೆ?"

"ಅದು ಯಾವತ್ತೂ ವಿಮಾನ ಕಾಣದ ಫೋನಂತೆ. ತುಂಬಾ ಕಮ್ಮಿಗೆ ತೋರಿಸ್ತು."

ರದ್ದು ಮಾಡು ಅಂತ ಹೇಳಬೇಕಿತ್ತು. ಬಾಯಿ ತೆರೆದೆ. ಒಳಕೋಣೆಯಲ್ಲಿ ಅಮ್ಮ ಮೊಮ್ಮಗಳ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಕೈಯಿಂದ ಸುಕ್ಕು ತೀಡುತ್ತಿದ್ದುದು ಕಾಣಿಸಿತು. ಬಾಯಿ ಮುಚ್ಚಿಕೊಂಡೆ.

ಮರುದಿನ ಮಗಳ ಫೋನು. "ಅಪ್ಪಾ, ಶುಕ್ರವಾರ ಕ್ಲಾಸ್ ಇದೆ, ಗುರುವಾರ ಬಿಡಲ್ಲ ಅಂತಿದಾರೆ ವಾರ್ಡನ್ ಮೇಡಂ. ನೀವೊಂದ್ಸಲ ಮಾತಾಡ್ತೀರಾ? ಬೇಡ ಅಂದ್ರೆ ಬೇಡಪ್ಪಾ, ಈ ಸಲಾನೂ ಇಲ್ಲೇ ಇರ್ತೀನಿ." ಕೊನೆಯ ಮಾತು ಅವಳು ಹೇಳಬಾರದಿತ್ತು.

ಅಹಮದಾಬಾದಿನ ವಾರ್ಡನ್‌ಗೆ ನಾನೇ ಫೋನು ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ವಿನಂತಿಸಿಕೊಳ್ಳುವುದು ಅಂತಲೇ ನಿಶ್ಚಯಿಸಿದ್ದೆ. ಆಕೆ ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ, ಒಂದೇ ಒಂದು ಪ್ರಶ್ನೆ ಕೇಳಿದರು: "ಒಂದು ದಿನ ಮುಂಚೆ ಕಳಿಸಲು ಕಾರಣ?"

ಅಗ್ಗದ ಟಿಕೆಟ್ ಅಂತ ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಯಾರೋ ಮಾತಾಡಿದ್ದು ಕೇಳಿಸಿತು. "ಅವಳ ಅಜ್ಜಿಗೆ ಹುಷಾರಿಲ್ಲ." ನನ್ನ ಧ್ವನಿಯೇ.

"ಓಹ್," ಅಂದರು ಆಕೆ. "ಹಾಗಾದರೆ ದಯವಿಟ್ಟು ಅಜ್ಜಿಯನ್ನು ವಿಡಿಯೋದಲ್ಲಿ ತೋರಿಸಿ. ತಪ್ಪು ತಿಳಿಯಬೇಡಿ, ನಮ್ಮಲ್ಲಿ ಹೊಸ ನಿಯಮ. ಬೆಂಗಳೂರಿನ ವಾರ್ಡನ್ ಒಬ್ಬರು ನಮ್ಮ ಗುಂಪಿಗೆ ಕಳಿಸಿದ್ದು, ಬಹಳ ಉಪಯುಕ್ತವಾಗಿದೆ." ಆಮೇಲೆ ಸ್ವಲ್ಪ ತಡೆದು, "ಅವರ ಹೆಸರೂ ನಿಮ್ಮ ಹೆಸರೇ," ಅಂದರು.

ಅರ್ಧ ಗಂಟೆಯಲ್ಲಿ ಮತ್ತೆ ಫೋನು ಮಾಡುತ್ತೇನೆ ಅಂತ ಹೇಳಿ ಇಟ್ಟೆ. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ನಡೆದದ್ದೆಲ್ಲ ಹೇಳಿದೆ.

"ಏನೂ ಮಾತಾಡೋದು ಬೇಡಮ್ಮಾ. ಎರಡು ನಿಮಿಷ ಹಾಗೇ ಮಲಕ್ಕೊ, ಕಣ್ಮುಚ್ಚಿಕೋ. ಅಷ್ಟೇ. ಮಗು ಗುರುವಾರ ಮನೇಲಿರುತ್ತೆ."

ಅಮ್ಮ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿದಳು. "ಮಲಕ್ಕೊಂಡ್ರೆ ಬರ್ತಾಳಾ?"

"ಬರ್ತಾಳೆ."

"ಇಲ್ದಿದ್ರೆ?"

"ಶುಕ್ರವಾರ ಹೊರಟು ರೈಲಿನಲ್ಲಿ ಬರಬೇಕು. ಯಶವಂತಪುರಕ್ಕೆ ತಲುಪೋ ಹೊತ್ತಿಗೆ ಎಣ್ಣೆಸ್ನಾನ ಮುಗಿದಿರುತ್ತೆ."

ಅಮ್ಮ ಸೊಪ್ಪು ಪಕ್ಕಕ್ಕಿಟ್ಟು, ಸೀರೆ ಕೊಡವಿ ಎದ್ದಳು. ಆ ಮಗುವಿಗಾಗಿ ನಮ್ಮೆಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಅವಳೇ. ಒಪ್ಪಿಕೊಂಡಳು ಅಂದುಕೊಂಡೆ. ಹೆಂಡತಿಯೂ ಹಾಗೇ ಅಂದುಕೊಂಡು ಒಳಗೆ ಹೋಗಿ ದಿಂಬು ಸರಿಮಾಡಿದಳು. ಮೇಜಿನ ಮೇಲೆ ಮಾತ್ರೆ ಡಬ್ಬಿ ಕಾಣುವ ಹಾಗೆ ಇಟ್ಟವನು ನಾನು.

ಕರೆ ಹೋಯಿತು. ವಾರ್ಡನ್ ಮುಖ ಬಂತು. "ಮಾಜೀ, ತಬಿಯತ್ ಹೇಗಿದೆ?" ಅಂತ ಹಿಂದಿಯಲ್ಲಿ ಮೆತ್ತಗೆ ಕೇಳಿದರು.

ಅಮ್ಮ ಮಂಚದ ಮೇಲೆ ಕೂತಿದ್ದವಳು ಮಲಗಲಿಲ್ಲ. ಎದ್ದು ನಿಂತಳು.

"ಹಬ್ಬದ ಹೊತ್ನಲ್ಲಿ ಮಗು ನನ್ನ ಕಾಯಿಲೆ ಹೆಸ್ರು ಹೇಳ್ಕೊಂಡು ಮನೆಗೆ ಬರ್ಬೇಕೇನೋ?" ಅಂದಳು ನನಗೆ. "ರೈಲಲ್ಲೇ ಬರ್ಲಿ. ಅವಳು ಬಂದ ದಿನ ನಾನು ಎಣ್ಣೆ ಒತ್ತುತೀನಿ, ಅವತ್ತೇ ಹಬ್ಬ. ಆ ಫೋನು ಸ್ವಲ್ಪ ಹಿಂದಕ್ಕೆ ಹಿಡಿ, ಪೂರ್ತಿ ಕಾಣ್ಲಿ."

"ಅಮ್ಮಾ, ಬೇಡಮ್ಮಾ..."

"ಹಿಡಿ ಅಂದೆ."

ಹಿಡಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಲಗೈಯಿಂದ ಎಡಗಿವಿ, ಎಡಗೈಯಿಂದ ಬಲಗಿವಿ ಹಿಡಿದು, ಅಹಮದಾಬಾದಿನ ವಾರ್ಡನ್ ಎದುರಿಗೆ ಕೂತೆದ್ದಳು. "ಒಂದು." ಕೂತೆದ್ದಳು. "ಎರಡು." ನಾಲ್ಕನೆಯದಕ್ಕೆ ಆ ಕಡೆಯಿಂದ ವಾರ್ಡನ್ ಕೂಡ ಗುಜರಾತಿಯಲ್ಲಿ ಎಣಿಸತೊಡಗಿದರು. ಅಮ್ಮ ಹನ್ನೊಂದು ಮುಗಿಸಿ, ಉಸಿರು ಕೂಡ ಏರದೆ, ಕಿವಿ ಬಿಡದೆ ನನ್ನ ಕಡೆ ತಿರುಗಿದಳು.

"ಸಾಕಾ, ಇನ್ನೂ ಬೇಕಾ, ಕೇಳು ಅವರನ್ನ."